ಯಂತ್ರಭಾಷೆಗೆ ಮೊದಲ ಪುಸ್ತಕ ನಮ್ಮ ಟೊರೊಂಟೊದ್ದೇ!



ನಮ್ಮ ಈ-ಪತ್ರಿಕೆಯಲ್ಲಿ ಪುಸ್ತಕದ ಮಾತು ಬಂದರೆ ಕುವೆಂಪು, ಕಾರಂತ, ಭೈರಪ್ಪ, ತೇಜಸ್ವಿ ಇವರ ಸುತ್ತಲೇ ಸುತ್ತುವುದು ವಾಡಿಕೆ. ಇವತ್ತು ನಾನು ಬೇರೆ ಜಾತಿಯ ಪುಸ್ತಕಗಳ ಬಗ್ಗೆ ಬರೆಯಲು ಹೊರಟಿದ್ದೇನೆ. ನಲವತ್ತು ವರ್ಷ ಹಳೆಯ ಮನೆ-ಕಂಪ್ಯೂಟರುಗಳ ಯಂತ್ರಭಾಷೆ ಕಲಿಸುವ ಪುಸ್ತಕಗಳು! "ಇವನಿಗೇನಾಯ್ತಪ್ಪ, ಚಳಿ ತಲೆಗೆ ಏರಿತೇ?" ಎಂದು ನಗಬೇಡಿ. ಕೊನೆಯವರೆಗೆ ಓದಿ, ಆಮೇಲೆ ಬೈಯುವುದಾದರೆ ಬೈಯಿರಿ.

ಕಥೆ ಶುರುವಾದದ್ದು ಒಂದು ಬೇಸಿಗೆ ರಜೆಯಲ್ಲಿ. ನಮ್ಮಲ್ಲಿ ಹೆಚ್ಚಿನವರು ಮಾಡುವಂತೆ ನಾನೂ ಮಗನನ್ನು ಒಂದು ಕೋಡಿಂಗ್ ಕ್ಯಾಂಪಿಗೆ ಸೇರಿಸಿದೆ. ಬೆಳಿಗ್ಗೆ ಬಿಟ್ಟು ಬರುವುದು, ಸಂಜೆ ಕರೆದುಕೊಂಡು ಬರುವುದು. ವಾರದ ಕೊನೆಗೆ ಅವನು ಬಣ್ಣಬಣ್ಣದ ಇಟ್ಟಿಗೆಗಳನ್ನು ಒಂದಕ್ಕೊಂದು ಜೋಡಿಸಿ ಬೆಕ್ಕು ಓಡುವ ಆಟ ಮಾಡಿ ತೋರಿಸಿದ. ಚೆನ್ನಾಗಿತ್ತು. ಕಾರಿನಲ್ಲಿ ಬರುವಾಗ ಕೇಳಿದ: "ಅಪ್ಪ, ಓಡು ಅಂದ್ರೆ ಓಡಬೇಕು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗತ್ತೆ?"

ನಾನು ಇಂಜಿನಿಯರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದೇ ಕೆಲಸದಲ್ಲಿ ಅನ್ನ ತಿನ್ನುತ್ತಿದ್ದೇನೆ. ಆದರೂ ಶೆಪ್ಪರ್ಡ್ ಅವೆನ್ಯೂ ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಬಾಯಿಂದ ಹೊರಟ ಉತ್ತರ ಒಂದೇ: "ಅದು ಬಹಳ ಕಾಂಪ್ಲಿಕೇಟೆಡ್ ಮಗಾ, ಆಮೇಲೆ ಹೇಳ್ತೀನಿ." ಆ 'ಆಮೇಲೆ' ಬರಲು ಸುಮಾರು ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಅವನು ಕೇಳುವುದನ್ನೇ ಬಿಟ್ಟಿದ್ದ. ಅದು ನನ್ನನ್ನು ಚುಚ್ಚಿತು.

ನಿಜ ಹೇಳಬೇಕೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿತ್ತು. ತೊಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಇಂಜಿನಿಯರಿಂಗ್ ಓದಿದ ನಿಮ್ಮಲ್ಲಿ ಅನೇಕರಿಗೆ 8085 ಲ್ಯಾಬ್ ನೆನಪಿರಬಹುದು. ಒಂದು ಹಸಿರು ಬೋರ್ಡು, ಕ್ಯಾಲ್ಕುಲೇಟರಿನಂತಹ ಕೀಲಿಗಳು, ಕೆಂಪಗೆ ಹೊಳೆಯುವ ಆರು ಅಂಕಿಗಳು. ನಾಲ್ಕು ವಿಳಾಸಕ್ಕೆ, ಎರಡು ಅಲ್ಲಿರುವ ಸಂಖ್ಯೆಗೆ. ಮೈಕ್ರೋಪ್ರೊಸೆಸರ್ ಎಂದರೆ ರಮೇಶ್ ಗಾಂವ್ಕರ್ ಅವರ ಪುಸ್ತಕ, ಬೇರೆ ಮಾತೇ ಇಲ್ಲ. ನಾನು ಅದರಿಂದ ಹತ್ತು ಪ್ರೋಗ್ರಾಮುಗಳನ್ನು ಮಗ್ಗಿಯಂತೆ ಉರು ಹೊಡೆದೆ. ಪರೀಕ್ಷೆಯಲ್ಲಿ ಅವುಗಳಲ್ಲೇ ಒಂದು ಬಂತು, ಕಣ್ಣುಮುಚ್ಚಿ ಕೀಲಿ ಒತ್ತಿದೆ, ಕೆಲಸ ಮಾಡಿತು. ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು: "ವಿಳಾಸ ಬರೆಯುವಾಗ ಕೊನೆಯ ಭಾಗವನ್ನು ಮೊದಲು, ಮೊದಲ ಭಾಗವನ್ನು ಆಮೇಲೆ ಹಾಕಿದ್ದೀಯಲ್ಲ, ಯಾಕೆ?" ನಾನು ಹೇಳಿದ್ದು: "ಇಂಟೆಲ್‌ನವರು ಹಾಗೇ ಮಾಡಿದ್ದಾರೆ ಸಾರ್." ಅವರು ನಕ್ಕು ಪಾಸು ಮಾಡಿದರು. ಆ ನಗು ಮಾತ್ರ ಮರೆತಿಲ್ಲ.

ತಪ್ಪು ಪುಸ್ತಕದ್ದಲ್ಲ. ಗಾಂವ್ಕರ್ ಅವರ ಪುಸ್ತಕ ನಿಧಾನವಾಗಿ ಓದುವವನಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತದೆ. ಓದಿದ ರೀತಿ ತಪ್ಪು. ಹಾಗಾಗಿ ಈ ಲೇಖನದಲ್ಲಿ ಪುಸ್ತಕದ ಜೊತೆಗೆ ಓದುವ ರೀತಿಯ ಮಾತೂ ಸೇರಿದೆ.

ಯಾಕೆ ಹಳೇ ಕಂಪ್ಯೂಟರು?

ಸಂಸ್ಥೆಯ ಪಾಟ್‌ಲಕ್ಕಿನಲ್ಲಿ ಈ ವಿಷಯ ಎತ್ತಿದಾಗ ಗೆಳೆಯರೊಬ್ಬರು ಬಿಸಿಬೇಳೆಬಾತ್ ತಟ್ಟೆ ಹಿಡಿದೇ ಜಗಳಕ್ಕೆ ಬಂದರು. "ಪೈಥಾನ್ ಕಲಿಸಿ ಸ್ವಾಮಿ, ಈ ಪ್ರಾಚ್ಯವಸ್ತು ಸಂಶೋಧನೆ ಯಾಕೆ? ಈಗಂತೂ ಎಐ ಕೇಳಿದರೆ ಅದೇ ಕೋಡ್ ಬರೆದುಕೊಡುತ್ತದೆ!" ಅವರ ಮಾತು ಅರ್ಧ ಸರಿ. ಏನಾದರೂ ಉಪಯೋಗಕ್ಕೆ ಬರುವಂಥದ್ದನ್ನು ಬೇಗ ಮಾಡಬೇಕಾದರೆ ಪೈಥಾನೇ ಸರಿ. ಹಳೇ ಯಂತ್ರದ ಭಾಷೆ ಕಲಿತವನಿಗೆ ಯಾರೂ ಕರೆದು ಕೆಲಸ ಕೊಡುವುದಿಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆದರೆ ಮಗನ ಪ್ರಶ್ನೆ ಬೇರೆ. 'ಅದಕ್ಕೆ ಹೇಗೆ ಗೊತ್ತಾಗುತ್ತದೆ?' ಎಂಬುದಕ್ಕೆ ಇಂದಿನ ಲ್ಯಾಪ್‌ಟಾಪಿನಲ್ಲಿ ಉತ್ತರ ತೋರಿಸಲು ಹೊರಟರೆ ಈರುಳ್ಳಿ ಸುಲಿದ ಹಾಗೆ. ಒಂದು ಪದರದ ಕೆಳಗೆ ಇನ್ನೊಂದು, ಕಣ್ಣೀರೇ ಗತಿ. 1982ರ ಕಮೊಡೋರ್ 64 ಹಾಗಲ್ಲ. ಅದರ ನೆನಪಿನ ಶಕ್ತಿ 64 ಕಿಲೋಬೈಟ್, ಇಂದು ನಾವು ಫೋನಿನಲ್ಲಿ ತೆಗೆಯುವ ಒಂದೇ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಅದರ ಪ್ರೊಸೆಸರು 6502 ಕುಟುಂಬದ್ದು. ಲೆಕ್ಕಕ್ಕೆ 56 ಆಜ್ಞೆಗಳು, ನಮ್ಮ ಅಕ್ಷರಮಾಲೆಗಿಂತ ಸ್ವಲ್ಪ ಹೆಚ್ಚು ಅಷ್ಟೇ! ಸಂಖ್ಯೆ ಹಿಡಿದುಕೊಳ್ಳಲು ಮೂರು 'ಕೈ'ಗಳು. ಹದಿಮೂರು ವರ್ಷದ ಹುಡುಗ ಇಡೀ ಯಂತ್ರವನ್ನು ತಲೆಯಲ್ಲಿ ಇಟ್ಟುಕೊಳ್ಳಬಹುದು.

ಹಳೇ ಕಂಪ್ಯೂಟರ್ ಕೊಳ್ಳಲೇಬೇಕೆಂದಿಲ್ಲ. ವೈಸ್ ಎಂಬ ಉಚಿತ ಎಮ್ಯುಲೇಟರ್ ಹಾಕಿಕೊಂಡರೆ ನಿಮ್ಮ ಲ್ಯಾಪ್‌ಟಾಪಿನ ಕಿಟಕಿಯೊಂದರಲ್ಲಿ ಕಮೊಡೋರ್ 64 ಎದ್ದು ಕೂರುತ್ತದೆ. ಏನು ತಪ್ಪು ಮಾಡಿದರೂ ಹಾಳಾಗುವ ಭಯವಿಲ್ಲ, ಮುಚ್ಚಿ ತೆಗೆದರಾಯಿತು.

ನಮ್ಮ ಊರಿನ ಮೇಷ್ಟ್ರು

ಇನ್ನು ಪುಸ್ತಕಕ್ಕೆ ಬರುತ್ತೇನೆ. ನನ್ನ ಖಚಿತ ಅಭಿಪ್ರಾಯ: ಮೊದಲ ಪುಸ್ತಕ ಜಿಮ್ ಬಟರ್‌ಫೀಲ್ಡ್ ಬರೆದ 'ಮಷೀನ್ ಲ್ಯಾಂಗ್ವೇಜ್ ಫಾರ್ ದ ಕಮೊಡೋರ್ 64 ಅಂಡ್ ಅದರ್ ಕಮೊಡೋರ್ ಕಂಪ್ಯೂಟರ್ಸ್'. 1984ರಲ್ಲಿ ಬಂತು, 1986ರಲ್ಲಿ ಕಮೊಡೋರ್ 128 ಸೇರಿಸಿ ಪರಿಷ್ಕರಿಸಿದ ಆವೃತ್ತಿ ಬಂತು. ಇದನ್ನು ಬರೆದವರು ಯಾವ ಕ್ಯಾಲಿಫೋರ್ನಿಯಾದವರೂ ಅಲ್ಲ, ನಮ್ಮ ಟೊರೊಂಟೊದವರು!

ನಾವು ಬಂದು ನೆಲೆಸಿರುವ ಈ ಊರಿಗೂ ಕಮೊಡೋರಿಗೂ ಇರುವ ನಂಟು ನನಗೂ ತಡವಾಗಿ ತಿಳಿಯಿತು. ಆಶ್ವಿಟ್ಜ್ ಸೆರೆಶಿಬಿರದಿಂದ ಬದುಕಿ ಬಂದ ಜಾಕ್ ಟ್ರಮೀಲ್ 1950ರ ದಶಕದಲ್ಲಿ ಟೊರೊಂಟೊದಲ್ಲಿ ಬೆರಳಚ್ಚು ಯಂತ್ರ ಮಾರುವ ಕಂಪನಿಯಾಗಿ ಕಮೊಡೋರನ್ನು ಶುರು ಮಾಡಿದರು. ವಲಸೆ ಬಂದವರ ಕಥೆ, ನಮ್ಮಂಥವರದೇ. 1976ರಲ್ಲಿ ಆ ಕಂಪನಿ 6502 ಚಿಪ್ ತಯಾರಿಸುತ್ತಿದ್ದ ಮಾಸ್ ಟೆಕ್ನಾಲಜಿಯನ್ನು ಕೊಂಡುಕೊಂಡಿತು, ಅಲ್ಲಿಂದ ಕಂಪ್ಯೂಟರಿನ ದಾರಿ ಹಿಡಿಯಿತು. ಎಂಬತ್ತರ ದಶಕದಲ್ಲಿ ಅದರ ಕೆನಡಾ ಕಚೇರಿ ಇದ್ದದ್ದು ಫಾರ್ಮಸಿ ಅವೆನ್ಯೂದಲ್ಲಿ. ನಾರ್ತ್ ಯಾರ್ಕಿನಿಂದ ವಿಕ್ಟೋರಿಯಾ ಪಾರ್ಕ್ ದಾಟಿದರೆ ಸಿಗುವ ರಸ್ತೆ, ನಮ್ಮಲ್ಲಿ ಎಷ್ಟೋ ಜನ ದಿನಾ ಓಡಾಡುವ ಜಾಗ. ಕಮೊಡೋರ್ 64 ಜಗತ್ತಿನಲ್ಲಿ ಒಂದು ಕೋಟಿಗೂ ಮೀರಿ ಮಾರಾಟವಾಯಿತು. ಆ ಹಳೆಯ ಕಂಪನಿ 1994ರಲ್ಲಿ ಮುಳುಗಿತು.

ಬಟರ್‌ಫೀಲ್ಡ್ ಹುಟ್ಟಿದ್ದು 1936ರಲ್ಲಿ, ಆಲ್ಬರ್ಟಾದಲ್ಲಿ. ಟೊರೊಂಟೊದಲ್ಲಿ ನೆಲೆಸಿ, ಟೆಲಿಕಮ್ಯುನಿಕೇಶನ್ಸ್ ಕಂಪನಿಯಲ್ಲಿ ಕೆಲಸ ಮಾಡಿದವರು. 1976ರಲ್ಲಿ ಕಿಮ್-1 ಎಂಬ ಬೋರ್ಡು ಬಂತು. ಅದರಲ್ಲಿ ಏನಿತ್ತು ಗೊತ್ತೇ? ಕ್ಯಾಲ್ಕುಲೇಟರಿನಂತಹ ಕೀಲಿಗಳು, ಕೆಂಪಗೆ ಹೊಳೆಯುವ ಆರು ಅಂಕಿಗಳು! ನಮ್ಮ 8085 ಕಿಟ್ಟಿನ ಅಣ್ಣತಮ್ಮ. ಬಟರ್‌ಫೀಲ್ಡ್ ಇನ್ನಿಬ್ಬರ ಜೊತೆ ಸೇರಿ ಅದಕ್ಕೆ 'ದ ಫಸ್ಟ್ ಬುಕ್ ಆಫ್ ಕಿಮ್' ಎಂಬ ಪುಸ್ತಕ ಮಾಡಿದರು. ಆಮೇಲೆ ಟೊರೊಂಟೊ ಪೆಟ್ ಯೂಸರ್ಸ್ ಗ್ರೂಪ್ ಎಂಬ ಬಳಕೆದಾರರ ಸಂಘದಲ್ಲಿ, ಪತ್ರಿಕೆಗಳಲ್ಲಿ, ಟಿವಿ ಒಂಟಾರಿಯೋದಲ್ಲಿ ವರ್ಷಗಟ್ಟಲೆ ಜನರಿಗೆ ಪಾಠ ಹೇಳಿದರು. 2007ರ ಜೂನ್‌ನಲ್ಲಿ ತೀರಿಕೊಂಡರು. ಅದೇ ಆರು ಕೆಂಪು ಅಂಕಿಗಳ ಮುಂದೆ ನಾನೂ ಕೂತಿದ್ದೆ, ಅವರೂ ಕೂತಿದ್ದರು. ನಾನು ಮಾರ್ಕ್ಸ್ ತಗೊಂಡು ಎದ್ದು ಹೋದೆ, ಅವರು ಬೇರೆಯವರಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತ ಕೂತರು. ವ್ಯತ್ಯಾಸ ಅಷ್ಟೇ, ಆದರೆ ಎಷ್ಟು ದೊಡ್ಡದು ನೋಡಿ.

ಪುಸ್ತಕದ ಗುಣವೂ ಅದೇ. ಎದುರಿಗೆ ಕೂತವನ ಮುಖ ನೋಡಿ ಪಾಠ ಮಾಡಿದವರ ಬರವಣಿಗೆ. 56 ಆಜ್ಞೆಗಳನ್ನೂ ಮೊದಲೇ ತಲೆ ಮೇಲೆ ಸುರಿಯುವುದಿಲ್ಲ. ಒಂದೆರಡು ಕೊಟ್ಟು, ಅದರಲ್ಲೇ ಪರದೆಯ ಮೇಲೆ ಒಂದು ಅಕ್ಷರ ಮೂಡಿಸುತ್ತಾರೆ. ಪ್ರತಿ ಅಧ್ಯಾಯದ ಕೊನೆಗೆ ನೀವು ಏನು ಕಲಿತಿರಿ ಎಂಬ ಪಟ್ಟಿ, ಮಾಡಿ ನೋಡಲು ಅಭ್ಯಾಸ. ನಮ್ಮ ಪ್ರೈಮರಿ ಶಾಲೆಯ ಒಳ್ಳೆಯ ಮೇಷ್ಟ್ರ ಹಾಗೆ.

ಆರು ಸಂಖ್ಯೆಗಳ ಕಥೆ

ನಾವು ಮೊದಲ ಸಂಜೆ ಮಾಡಿದ್ದು ಇಷ್ಟು. ಕಮೊಡೋರ್ 64ರ ನೆನಪಿನಲ್ಲಿ 828ನೇ ಮನೆಯಿಂದ ಶುರುಮಾಡಿ ಆರು ಮನೆಗಳಲ್ಲಿ ಆರು ಸಂಖ್ಯೆ ಇಡಬೇಕು: 169, 75, 32, 210, 255, 96. ಬೇಸಿಕ್ ಭಾಷೆಯ 'ಪೋಕ್' ಎಂಬ ಆಜ್ಞೆಯಿಂದ ಒಂದೊಂದಾಗಿ ಇಟ್ಟರಾಯಿತು. ಆಮೇಲೆ 'ಸಿಸ್ 828' ಎಂದು ಟೈಪ್ ಮಾಡಿದರೆ ಯಂತ್ರ ಆ ಮನೆಯಿಂದ ಓದುತ್ತ ಹೊರಡುತ್ತದೆ.

169 ಎಂದರೆ 'ಮುಂದಿನ ಸಂಖ್ಯೆಯನ್ನು ಕೈಗೆ ತಗೋ'. 75 ಆ ಸಂಖ್ಯೆ, ಇಂಗ್ಲಿಷಿನ 'ಕೆ' ಅಕ್ಷರದ ಸಂಕೇತ. ಕನ್ನಡದ 'ಕೆ' ಎಂದೇ ಆರಿಸಿದೆವು! 32 ಎಂದರೆ 'ನಾನು ಹೇಳುವ ವಿಳಾಸಕ್ಕೆ ಹೋಗಿ ಕೆಲಸ ಮುಗಿಸಿಕೊಂಡು ವಾಪಸ್ ಬಾ'. 210 ಮತ್ತು 255 ಆ ವಿಳಾಸ. ಅಲ್ಲಿ, ಕೈಯಲ್ಲಿರುವ ಅಕ್ಷರವನ್ನು ಪರದೆಗೆ ಬರೆಯುವ ಕೆಲಸಗಾರನನ್ನು ಕಮೊಡೋರಿನವರೇ ಕೂರಿಸಿದ್ದಾರೆ. 96 ಎಂದರೆ 'ಬಂದ ದಾರಿಗೆ ಸುಂಕವಿಲ್ಲ, ಹಿಂದಿರುಗು'.

ಮಗ ಎಂಟರ್ ಒತ್ತಿದ. ಪರದೆಯ ಮೇಲೆ 'ಕೆ' ಬಂತು. ಸುಮ್ಮನೆ ಸ್ವಲ್ಪ ಹೊತ್ತು ನೋಡಿ ಕೇಳಿದ: "ಅಷ್ಟೇನಾ? ಮಧ್ಯೆ ಬೇರೆ ಯಾರೂ ಇಲ್ವಾ?" ನಾನಂದೆ, "ಇಲ್ಲ ಕಣೋ. ನೀನು, ಆರು ಸಂಖ್ಯೆ, ಆ ಕೆಲಸಗಾರ, ಅಷ್ಟೇ." ಅವನು ಕಾರಿನಲ್ಲಿ ಕೇಳಿದ್ದ ಪ್ರಶ್ನೆಗೆ ಉತ್ತರ ಇದೇ. ಯಂತ್ರಕ್ಕೆ ಏನೂ ಗೊತ್ತಿಲ್ಲ. ಕೆಲವು ಸಂಖ್ಯೆಗಳಿಗೆ ಏನು ಮಾಡಬೇಕೆಂದು ಅದರ ತಂತಿಗಳನ್ನು ಮೊದಲೇ ಜೋಡಿಸಿಟ್ಟಿದ್ದಾರೆ, ಉಳಿದದ್ದೆಲ್ಲ ಅದರ ಮೇಲೆ ಕಟ್ಟಿದ ಅಟ್ಟ.

ಮುಂದಿನ ಸರದಿಯಲ್ಲಿ ಅವನು 255ನ್ನು ಮೊದಲು, 210ನ್ನು ಆಮೇಲೆ ಹಾಕಿದ. 'ಕೆ' ಬರಲೇ ಇಲ್ಲ, ಯಂತ್ರ ಎಲ್ಲಿಗೋ ಹೋಗಿಬಿಟ್ಟಿತು. "ಅಪ್ಪ, ದೊಡ್ಡದು ಮೊದಲು ಬರಬೇಕಲ್ವಾ? ಚಿಕ್ಕ ಭಾಗ ಯಾಕೆ ಮೊದಲು?"

ಅಯ್ಯೋ ದೇವರೇ! ಅದೇ ವೈವಾ ಪ್ರಶ್ನೆ. ಮೂವತ್ತು ವರ್ಷ ಆದ ಮೇಲೆ, ಕಡಲು ದಾಟಿ, ನಾರ್ತ್ ಯಾರ್ಕಿನ ಅಡುಗೆಮನೆ ಮೇಜಿನ ತನಕ ಹುಡುಕಿಕೊಂಡು ಬಂದಿತ್ತು. ಈ ಸಲ ನಾನು 'ಆಮೇಲೆ ಹೇಳ್ತೀನಿ' ಅನ್ನಲಿಲ್ಲ. "ನನಗೆ ಗೊತ್ತಿಲ್ಲ, ಬಾ ಹುಡುಕೋಣ" ಅಂದೆ. ಅವನ ಮುಖದಲ್ಲಿ ಆಶ್ಚರ್ಯ. ಅಪ್ಪನಿಗೆ ಗೊತ್ತಿಲ್ಲ ಅನ್ನುವುದನ್ನು ಅಪ್ಪನ ಬಾಯಿಂದಲೇ ಅವನು ಮೊದಲ ಸಲ ಕೇಳಿದ್ದಿರಬೇಕು.

ಹುಡುಕಲು ಎರಡನೇ ಬಗೆಯ ಪುಸ್ತಕ ಬೇಕಾಯಿತು, ಅಂದರೆ ಆಕರಗ್ರಂಥ. ಮಾಸ್ ಟೆಕ್ನಾಲಜಿಯೇ 1976ರಲ್ಲಿ ಹೊರತಂದ ಪ್ರೋಗ್ರಾಮಿಂಗ್ ಕೈಪಿಡಿಯಲ್ಲಿ ಪ್ರತಿ ಆಜ್ಞೆಗೂ ಎಷ್ಟು ಗಡಿಯಾರದ ತಟ್ಟು ಬೇಕೆಂಬ ಲೆಕ್ಕ ಇದೆ. ಅಲ್ಲಿ ಗುಟ್ಟು ಸಿಕ್ಕಿತು. ಎಷ್ಟೋ ಸಲ ಯಂತ್ರ ವಿಳಾಸಕ್ಕೆ ಇನ್ನೊಂದು ಸಂಖ್ಯೆ ಕೂಡಿಸಬೇಕಾಗುತ್ತದೆ. ನಾವು ಶಾಲೆಯಲ್ಲಿ ಕೂಡುವ ಲೆಕ್ಕ ಎಲ್ಲಿಂದ ಶುರು ಮಾಡುತ್ತಿದ್ದೆವು? ಬಿಡಿ ಸ್ಥಾನದಿಂದ! ಬಿಡಿ ಕೂಡಿಸಿ, ಹತ್ತು ಮೀರಿದರೆ ಕೈಯಲ್ಲಿ ಒಂದು ಇಟ್ಟುಕೊಂಡು, ಆಮೇಲೆ ಹತ್ತರ ಸ್ಥಾನ. 6502 ಕೂಡ ಹಾಗೆಯೇ. ಚಿಕ್ಕ ಭಾಗ ಮೊದಲು ಬಂದರೆ ಅದನ್ನು ಕೂಡಿಸುತ್ತಿರುವಾಗಲೇ ದೊಡ್ಡ ಭಾಗವನ್ನು ತರಿಸಿಕೊಳ್ಳಬಹುದು, ಸಮಯ ಉಳಿಯುತ್ತದೆ. ಕೈಯಲ್ಲಿ ಒಂದು ಉಳಿದರೆ ಮಾತ್ರ ಇನ್ನೊಂದು ತಟ್ಟು ಹೆಚ್ಚು ಬೇಕಾಗುತ್ತದೆ.

ಇಂಟೆಲ್‌ನವರ ಕಥೆಯೂ ಬೇರೆಯಲ್ಲ. 8085ರ ಮೂಲಪುರುಷ 8008. ಆ 8008ರ ಆಜ್ಞೆಗಳು ಡೇಟಾಪಾಯಿಂಟ್ 2200 ಎಂಬ ಯಂತ್ರಕ್ಕಾಗಿ ರೂಪಿಸಿದ್ದವು. ಮೊದಲ ಡೇಟಾಪಾಯಿಂಟ್ ಒಂದೊಂದೇ ಬಿಟ್ಟನ್ನು ಸಾಲಾಗಿ ತೆಗೆದುಕೊಂಡು ಲೆಕ್ಕ ಮಾಡುತ್ತಿತ್ತು, ಬಿಡಿ ಸ್ಥಾನದಿಂದ ಶುರು ಮಾಡದೆ ಅದಕ್ಕೆ ವಿಧಿಯೇ ಇರಲಿಲ್ಲ. ಆ ಪದ್ಧತಿ 8008, 8080, 8085 ದಾಟಿ ಇಂದು ನಮ್ಮ ಮನೆಯಲ್ಲಿರುವ ಇಂಟೆಲ್ ಲ್ಯಾಪ್‌ಟಾಪಿನವರೆಗೂ ಬಂದಿದೆ. ಪರೀಕ್ಷಕರೇ, ನೀವು ಎಲ್ಲಿದ್ದೀರೋ, ತಡವಾದದ್ದಕ್ಕೆ ಕ್ಷಮಿಸಿ. ಉತ್ತರ ಇದು ಸಾರ್!

ಯಾವ ಪುಸ್ತಕ ಯಾರಿಗೆ?

ನಾನು ತಡಕಾಡಿದ ಕಷ್ಟ ನಿಮಗೆ ಬೇಡ. ಒಂದೊಂದಾಗಿ ಹೇಳುತ್ತೇನೆ.

ಹತ್ತು-ಹನ್ನೆರಡು ವರ್ಷದ ಮಕ್ಕಳಿಗೆ: ಅಸ್ಬೋರ್ನ್ ಪ್ರಕಾಶನದ 'ಮಷೀನ್ ಕೋಡ್ ಫಾರ್ ಬಿಗಿನರ್ಸ್', 1983ರದ್ದು. ಪುಟ ತುಂಬ ಚಿತ್ರ, ಪುಟ್ಟ ಪುಟ್ಟ ರೋಬೋಗಳು ಸಂಖ್ಯೆಗಳನ್ನು ಹೊತ್ತು ಓಡಾಡುತ್ತವೆ. ಝಡ್80 ಮತ್ತು 6502 ಎರಡೂ ಇದರಲ್ಲಿವೆ. ತಮ್ಮ ಎಂಬತ್ತರ ದಶಕದ ಕಂಪ್ಯೂಟರ್ ಪುಸ್ತಕಗಳನ್ನು ಪ್ರಕಾಶಕರೇ ಈಗ ಉಚಿತವಾಗಿ ಇಳಿಸಿಕೊಳ್ಳಲು ಕೊಟ್ಟಿದ್ದಾರೆ. ತೆಳ್ಳಗಿನ ಪುಸ್ತಕ, ಆದ್ದರಿಂದ ಇದೊಂದರಿಂದಲೇ ದೂರ ಹೋಗಲಾಗದು. ಆಸೆ ಹುಟ್ಟಿಸಲು ಸಾಕು.

ಹದಿಮೂರು ದಾಟಿದವರಿಗೆ ಮತ್ತು ಅಪ್ಪ-ಅಮ್ಮಂದಿರಿಗೆ: ಬಟರ್‌ಫೀಲ್ಡ್. ಇದೇ ಮುಖ್ಯ ಊಟ. ಉಳಿದದ್ದೆಲ್ಲ ಪಲ್ಯ, ಉಪ್ಪಿನಕಾಯಿ.

ಬೇಸಿಕ್ ಭಾಷೆ ಗೊತ್ತಿದ್ದವರಿಗೆ: ರಿಚರ್ಡ್ ಮ್ಯಾನ್ಸ್‌ಫೀಲ್ಡ್ ಅವರ 'ಮಷೀನ್ ಲ್ಯಾಂಗ್ವೇಜ್ ಫಾರ್ ಬಿಗಿನರ್ಸ್', ಇದೂ 1983. ಬೇಸಿಕ್ಕಿನಲ್ಲಿ ಹೀಗೆ ಬರೆಯುತ್ತಿದ್ದಿರಲ್ಲ, ಯಂತ್ರಭಾಷೆಯಲ್ಲಿ ಹೀಗೆ ಎಂದು ಪಕ್ಕದಲ್ಲಿಟ್ಟು ತೋರಿಸುತ್ತದೆ. ಆಪಲ್, ಅಟಾರಿ, ಕಮೊಡೋರ್ ಮೂರಕ್ಕೂ ಆಗುತ್ತದೆ. ನಮ್ಮ ಕೆಲವರು ಭಾರತದ ಶಾಲೆಗಳಲ್ಲಿ ಬಿಬಿಸಿ ಮೈಕ್ರೋ ನೋಡಿರಬಹುದು. 1984ರಲ್ಲಿ ಸರ್ಕಾರ ಆರಂಭಿಸಿದ 'ಕ್ಲಾಸ್' ಯೋಜನೆಯಲ್ಲಿ ಬಂದಿತ್ತಲ್ಲ, ಅದೇ. ಅದೂ 6502 ಯಂತ್ರವೇ. ಬೀಗ ಹಾಕಿದ ಕೋಣೆಯಲ್ಲಿ, ಚಪ್ಪಲಿ ಹೊರಗೆ ಬಿಟ್ಟು, ದೂರದಿಂದ ದರ್ಶನ ಮಾಡಿದವರಿಗೆ ಈಗ ಗರ್ಭಗುಡಿಯೊಳಗೆ ಹೋಗುವ ಅವಕಾಶ!

ಆಪಲ್ 2 ಇಷ್ಟವಾದರೆ: ರೋಜರ್ ವಾಗ್ನರ್ ಅವರ 'ಅಸೆಂಬ್ಲಿ ಲೈನ್ಸ್'. ಮೊದಲು ಬಂದದ್ದು 1982ರಲ್ಲಿ, 2014ರಲ್ಲಿ ಮತ್ತೆ ಅಚ್ಚಾಗಿದೆ. ಹೊಸ ಕಾಗದದ ಪುಸ್ತಕ ಕೈಯಲ್ಲಿ ಹಿಡಿಯಬೇಕು ಅನ್ನುವವರಿಗೆ ಒಳ್ಳೆಯದು.

8085 ನೆನಪಿರುವ ಹಳೇ ಹುಲಿಗಳಿಗೆ: ನೀವು ಝಡ್80 ಯಂತ್ರ ಹಿಡಿಯಿರಿ, ಉದಾಹರಣೆಗೆ ಸಿಂಕ್ಲೇರ್ ಸ್ಪೆಕ್ಟ್ರಮ್. ಝಡ್80ಯನ್ನು ರೂಪಿಸುವಾಗ 8080ರ ಪ್ರೋಗ್ರಾಮುಗಳು ಅದರಲ್ಲಿ ಓಡಬೇಕೆಂದೇ ರೂಪಿಸಿದರು. ಲ್ಯಾಬಿನಲ್ಲಿ ಪ್ರೋಗ್ರಾಮಿನ ಕೊನೆಗೆ 76 ಒತ್ತಿ 'ನಿಲ್ಲು' ಅನ್ನುತ್ತಿದ್ದಿರಲ್ಲ, ಝಡ್80ಗೂ 76 ಎಂದರೆ ನಿಲ್ಲು ಎಂದೇ ಅರ್ಥ. ಬೇರೆ ಊರಿನಲ್ಲಿ ನಮ್ಮ ಭಾಷೆ ಕೇಳಿದ ಹಾಗೆ! ಇದಕ್ಕೆ ರಾಡ್ನೆ ಝಾಕ್ಸ್ ಅವರ 'ಪ್ರೋಗ್ರಾಮಿಂಗ್ ದ ಝಡ್80' ಇದೆ. ಅಟ್ಟದ ಸೂಟ್‌ಕೇಸಿನಲ್ಲಿ ಗಾಂವ್ಕರ್ ಇದ್ದರೆ ಅದನ್ನೂ ಧೂಳು ಕೊಡವಿ ತೆಗೆಯಿರಿ. ಈ ಸಲ ಪರೀಕ್ಷೆ ಇಲ್ಲ, ಅರ್ಥ ಮಾಡಿಕೊಳ್ಳಲು ಓದಬಹುದು.

ಮೊದಲೇ ಕೊಳ್ಳಬಾರದ ಪುಸ್ತಕಗಳು: ಝಾಕ್ಸ್ ಅವರದೇ 'ಪ್ರೋಗ್ರಾಮಿಂಗ್ ದ 6502', ಲ್ಯಾನ್ಸ್ ಲೆವೆಂಥಾಲ್ ಅವರ '6502 ಅಸೆಂಬ್ಲಿ ಲ್ಯಾಂಗ್ವೇಜ್ ಪ್ರೋಗ್ರಾಮಿಂಗ್', ಶೆಲ್ಡನ್ ಲೀಮನ್ ಅವರ 'ಮ್ಯಾಪಿಂಗ್ ದ ಕಮೊಡೋರ್ 64'. ಮೂರೂ ಉತ್ತಮ ಗ್ರಂಥಗಳೇ. ಆದರೆ ಕನ್ನಡ ಕಲಿಯಲು ಬಂದ ಮಗುವಿನ ಕೈಗೆ ಕಿಟೆಲ್ ನಿಘಂಟು ಕೊಟ್ಟರೆ ಹೇಗೆ? ನಾನು ಮಾಡಿದ ತಪ್ಪು ಅದೇ. ಎಲ್ಲರೂ ಹೊಗಳಿದರು ಎಂದು ದಪ್ಪ ಪುಸ್ತಕ ಮೊದಲು ತಂದೆ, ಮಗ ಎರಡು ಪುಟ ತಿರುಗಿಸಿ ಬಾಸ್ಕೆಟ್‌ಬಾಲ್ ಆಡಲು ಹೋದ. ಬಟರ್‌ಫೀಲ್ಡ್ ಅರ್ಧ ಮುಗಿದ ಮೇಲೆ ಅದೇ ಪುಸ್ತಕವನ್ನು ಅವನೇ ಕೇಳಿ ತಗೊಂಡ. ಪ್ರಶ್ನೆ ಮೊದಲು ಹುಟ್ಟಬೇಕು, ಆಮೇಲೆ ನಿಘಂಟು.

ಇವುಗಳಲ್ಲಿ ಹೆಚ್ಚಿನವು ಈಗ ಅಂಗಡಿಯಲ್ಲಿ ಹೊಸದಾಗಿ ಸಿಗುವುದಿಲ್ಲ. ಹಳೇ ಪುಸ್ತಕ ಮಾರುವವರಲ್ಲಿ ವಿಚಾರಿಸಿ, ಇಂಟರ್ನೆಟ್ ಆರ್ಕೈವಿನಲ್ಲಿ ನೋಡಿ. ಒಂದು ಎಚ್ಚರಿಕೆ: ಒಂದು ಸಲಕ್ಕೆ ಒಂದೇ ಪುಸ್ತಕ, ಒಂದೇ ಯಂತ್ರ. ನಮ್ಮವರಿಗೆ ಐದು ಪುಸ್ತಕ ಒಟ್ಟಿಗೆ ತಂದು ಶೋಕೇಸಿನಲ್ಲಿಡುವ ಚಟ ಸ್ವಲ್ಪ ಜಾಸ್ತಿ. ನನಗೂ ಸೇರಿದ ಹಾಗೆ!

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ?

ಸಂಪಾದಕರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಕಮೊಡೋರ್ 64ಕ್ಕೆ ಕನ್ನಡ ಬರುವುದಿಲ್ಲ. ಆದರೆ ಅದಕ್ಕೆ ಹೊಸ ಅಕ್ಷರ ಕಲಿಸಬಹುದು. ಪ್ರತಿ ಅಕ್ಷರಕ್ಕೂ ಎಂಟು ಸಾಲು, ಸಾಲಿಗೆ ಎಂಟು ಚೌಕ. ಅಜ್ಜಿ ಹಾಕುವ ಚುಕ್ಕಿ ರಂಗೋಲಿಯ ಹಾಗೆ ಬೇಕಾದ ಚೌಕ ತುಂಬುವುದು, ಪ್ರತಿ ಸಾಲಿಗೂ ಒಂದು ಸಂಖ್ಯೆ ಬರೆದುಕೊಳ್ಳುವುದು. ನಡುವಿನ ನಾಲ್ಕು ಚೌಕ ತುಂಬಿದರೆ 60. ಎರಡೂ ಬದಿಯಲ್ಲಿ ಅಂಚಿನ ಪಕ್ಕದ ಒಂದೊಂದು ಚೌಕ ತುಂಬಿದರೆ 66. 60, 66, 66, 60 ಎಂದು ಒಂದರ ಕೆಳಗೊಂದು ಇಟ್ಟರೆ ನಮ್ಮ ಸೊನ್ನೆ, ನಮ್ಮ ಅನುಸ್ವಾರ! ಅದರ ಮೇಲೆ ತಲೆಕಟ್ಟು ಕೊಟ್ಟರೆ 'ರ'.

ಭಾನುವಾರದ ಕನ್ನಡ ತರಗತಿಗೆ ಬರಲು ಗೊಣಗುತ್ತಿದ್ದ ನನ್ನ ಮಗ, 'ಕ'ಗೆ ಎಂಟು ಸಾಲಿನಲ್ಲಿ ಜಾಗ ಸಾಲದು ಎಂದು ಒಂದು ಸಂಜೆಯೆಲ್ಲ ಚೌಕದ ಕಾಗದದ ಮೇಲೆ ತಲೆ ಕೆಡಿಸಿಕೊಂಡ. ತಲೆಕಟ್ಟು ಎಲ್ಲಿ ಮುಗಿಯುತ್ತದೆ, ಸುರುಳಿ ಎಲ್ಲಿ ತಿರುಗುತ್ತದೆ ಎಂದು ನನ್ನನ್ನು ಹತ್ತು ಸಲ ಕೇಳಿದ. ನಾನು ನಲವತ್ತು ವರ್ಷ ಬರೆದ ಅಕ್ಷರವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಒತ್ತಕ್ಷರಕ್ಕೆ ಏನು ಮಾಡುವುದು ಎಂದು ಅವನು ಕೇಳಿದಾಗ, ಕಂಪ್ಯೂಟರಿಗೆ ಕನ್ನಡ ತಂದ ಕೆ.ಪಿ. ರಾವ್ ಅವರಂಥ ಹಿರಿಯರು ಎಂಥ ಗಂಟು ಬಿಡಿಸಿದ್ದಾರೆಂದು ನನಗೆ ಹೊಳೆಯಿತು. ಇವತ್ತು 'ಕ' ಒತ್ತಿದರೆ 'ಕ' ಬರುತ್ತದೆ. ಯೂನಿಕೋಡಿನಲ್ಲಿ ಅದರ ಸಂಖ್ಯೆ 3221. ಆ ಸಂಖ್ಯೆಯ ಹಿಂದೆ ಯಾರೋ ಕೂತು ಮಾಡಿದ ಕೆಲಸ ಇದೆ ಎಂದು ನಮ್ಮ ಮಕ್ಕಳಿಗೆ ತಿಳಿದರೆ ಅದೇನು ಕಡಿಮೆ ಕನ್ನಡ ಸೇವೆಯೇ?

ಕೊನೆಯ ಮಾತು

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ನಾವು ಮಕ್ಕಳನ್ನು ಎಲ್ಲ ಕ್ಲಾಸಿಗೂ ಬಿಟ್ಟು ಬರುತ್ತೇವೆ. ಗಣಿತ, ಈಜು, ಭರತನಾಟ್ಯ, ಕೋಡಿಂಗ್, ಕಡೆಗೆ ಕನ್ನಡಕ್ಕೂ. ಬಿಟ್ಟು, ಟಿಮ್ ಹಾರ್ಟನ್ಸಿನಲ್ಲಿ ಡಬಲ್-ಡಬಲ್ ಹಿಡಿದು ಫೋನ್ ನೋಡುತ್ತೇವೆ. ನಾನೂ ಅದೇ ಸಾಲಿನಲ್ಲಿ ನಿಂತವನು. ಕಲಿಸುವುದು ಇನ್ನೊಬ್ಬರ ಕೆಲಸ, ದುಡ್ಡು ಕೊಡುವುದು ನಮ್ಮ ಕೆಲಸ ಅನ್ನುವ ಲೆಕ್ಕ. ಎಐ ಬಂದ ಮೇಲಂತೂ ಉತ್ತರ ಹೇಳಲು ಅಪ್ಪ-ಅಮ್ಮ ಬೇಕಾಗಿಯೇ ಇಲ್ಲ. ಜೊತೆಗೆ ಕೂತು "ನನಗೂ ಗೊತ್ತಿಲ್ಲ, ಬಾ ನೋಡೋಣ" ಅನ್ನಲು ಮಾತ್ರ ನಾವೇ ಬೇಕು. ಹಳೇ ಯಂತ್ರಭಾಷೆಯ ಪುಸ್ತಕಕ್ಕೆ ನಾನು ಇಷ್ಟು ಗಂಟುಬಿದ್ದಿರುವ ಕಾರಣ ಅದು. ಅಪ್ಪ ಮಗ ಇಬ್ಬರೂ ಒಂದೇ ಪುಟದಲ್ಲಿ ಶುರು ಮಾಡಬಹುದಾದ ವಿಷಯಗಳು ಬಹಳ ಇಲ್ಲ.

ಮನೆಯಿಂದ ಹೊರಗೆ ಹೋಗಿ ನೋಡಬೇಕೆಂದರೆ ನಮ್ಮ ನಾರ್ತ್ ಯಾರ್ಕಿನಲ್ಲೇ ಯಾರ್ಕ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಮ್ಯೂಸಿಯಂ ಇದೆ. ಕೆನಡಾದ ಹಳೆಯ ಮೈಕ್ರೋಕಂಪ್ಯೂಟರುಗಳನ್ನು ಕಾಪಾಡಿಟ್ಟಿದ್ದಾರೆ. 1970ರ ದಶಕದ ಆರಂಭದಲ್ಲಿ ಇಲ್ಲೇ ಟೊರೊಂಟೊ ಮತ್ತು ಕಿಂಗ್‌ಸ್ಟನ್ನಿನಲ್ಲಿ ರೂಪುಗೊಂಡ ಎಂಸಿಎಂ/70 ಎಂಬ ಯಂತ್ರದ ಕಥೆ ಕೇಳಬೇಕಾದದ್ದು. ಅದರೊಳಗೆ ಇದ್ದದ್ದು ಮೇಲೆ ಹೇಳಿದ ಅದೇ 8008! ಹೋಗುವ ಮೊದಲು ವಿಚಾರಿಸಿಕೊಂಡು ಹೋಗಿ. ಬಟರ್‌ಫೀಲ್ಡ್ ಪಾಠ ಹೇಳಿದ ಬಳಕೆದಾರರ ಸಂಘ ಈಚಿನ ವರ್ಷಗಳಲ್ಲೂ 'ವರ್ಲ್ಡ್ ಆಫ್ ಕಮೊಡೋರ್' ಮೇಳವನ್ನು ಟೊರೊಂಟೊ ಸುತ್ತಮುತ್ತ ನಡೆಸಿಕೊಂಡು ಬಂದಿದೆ. ಅಲ್ಲಿ ನೆರೆತ ಕೂದಲಿನವರು ಮಕ್ಕಳಂತೆ ಆಡುವುದನ್ನು ನೋಡಿದರೆ ನಿಮಗೂ ಹುರುಪು ಬರುತ್ತದೆ.

ನಮ್ಮ ಸಂಸ್ಥೆಗೆ ಒಂದು ಸಣ್ಣ ಸಲಹೆ. ಕನ್ನಡ ತರಗತಿ ಮುಗಿದ ಮೇಲೆ ತಿಂಗಳಿಗೆ ಒಂದು ಭಾನುವಾರ, ಒಂದು ಗಂಟೆ, ಎರಡು ಹಳೇ ಲ್ಯಾಪ್‌ಟಾಪು, ಚೌಕದ ಕಾಗದ, ಒಂದು ಬಟರ್‌ಫೀಲ್ಡ್ ಪುಸ್ತಕ. ಶುಲ್ಕ ಇಲ್ಲ, ಒಂದೇ ಷರತ್ತು: ಮಕ್ಕಳನ್ನು ಬಿಟ್ಟು ಹೋಗುವಂತಿಲ್ಲ, ಪಕ್ಕದಲ್ಲಿ ಕೂರಬೇಕು. ಕಾಫಿ ನಾನು ತರುತ್ತೇನೆ, ಫಿಲ್ಟರ್ ಕಾಫಿ!

ಏನಂತೀರಿ? ನಿಮ್ಮ ಹತ್ತಿರ 8085 ಕಿಟ್ ಇದ್ದರೆ, ಬೇಸ್‌ಮೆಂಟಿನಲ್ಲಿ ಕಮೊಡೋರ್ ಮಲಗಿದ್ದರೆ, ಅಥವಾ ನನ್ನ ವಾದ ಶುದ್ಧ ತಪ್ಪು ಎನಿಸಿದರೆ, ದಯವಿಟ್ಟು ಸಂಪಾದಕರಿಗೆ ಬರೆಯಿರಿ. ಪಾಟ್‌ಲಕ್ಕಿನ ಗೆಳೆಯರಿಗೆ ವಿಶೇಷ ಆಹ್ವಾನ. ಅವರ ಮಗಳು ಈಗಾಗಲೇ ನನ್ನ ಮಗನಿಂದ ಆ ಆರು ಸಂಖ್ಯೆ ಬರೆಸಿಕೊಂಡು ಹೋಗಿದ್ದಾಳೆ, ಅವರಿಗಿನ್ನೂ ಗೊತ್ತಿಲ್ಲ!

ಸಿರಿಗನ್ನಡಂ ಗೆಲ್ಗೆ.

- ನಾರ್ತ್ ಯಾರ್ಕಿನಿಂದ, ನಿಮ್ಮವನೇ ಒಬ್ಬ ಸದಸ್ಯ